ಓಟ ಮುಗಿಸಿದವನಿಗೂ ಮೇಲಂಗಿ ಬೇಕಿತ್ತು

ನಮ್ಮ ಕಡೆಯ ಯಾವುದೇ ಕ್ರೈಸ್ತ ಸ್ಮಶಾನಕ್ಕೆ ಹೋಗಿ ನೋಡಿ. ನಾಲ್ಕು ಕಲ್ಲು ದಾಟುವಷ್ಟರಲ್ಲಿ ಒಂದು ವಚನ ಸಿಕ್ಕೇ ಸಿಗುತ್ತದೆ. ಬೈಬಲ್ಲಿನಲ್ಲಿ ಅಪೊಸ್ತಲ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಎರಡನೇ ಪತ್ರಿಕೆ, ನಾಲ್ಕನೇ ಅಧ್ಯಾಯ, ಏಳನೇ ವಚನ. ಒಳ್ಳೇ ಹೋರಾಟ ಮಾಡಿದ್ದೇನೆ, ಓಟ ಮುಗಿಸಿದ್ದೇನೆ, ನಂಬಿಕೆ ಕಾಪಾಡಿಕೊಂಡಿದ್ದೇನೆ ಅನ್ನುವ ಮಾತು. ಪೇಪರಿನಲ್ಲಿ ಬರುವ ಶ್ರದ್ಧಾಂಜಲಿಯಲ್ಲೂ ಅದೇ. ಸಭೆಯ ಹಿರಿಯರು ನಿವೃತ್ತರಾದಾಗ ಕೊಡುವ ಫಲಕದಲ್ಲೂ ಅದೇ. ವಚನದ ಬಗ್ಗೆ ನನಗೇನೂ ತಕರಾರಿಲ್ಲ. ಓದುವುದನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತೇವಲ್ಲ, ತಕರಾರು ಅದರ ಬಗ್ಗೆ.

ಇನ್ನು ಆರು ವಚನ ಮುಂದೆ ಹೋಗಿ. ಅದೇ ಪೌಲ ಏನು ಬರೆಯುತ್ತಾನೆ ನೋಡಿ. ತ್ರೋವದಲ್ಲಿ ಕರ್ಪನ ಹತ್ತಿರ ನನ್ನ ಮೇಲಂಗಿ ಬಿಟ್ಟು ಬಂದಿದ್ದೇನೆ, ಬರುವಾಗ ತಗೊಂಡು ಬಾ. ಪುಸ್ತಕಗಳನ್ನೂ ತಾ. ಚರ್ಮದ ಕಾಗದಗಳನ್ನಂತೂ ಮರೀಬೇಡ. ಇನ್ನೂ ಸ್ವಲ್ಪ ಕೆಳಗೆ, ಚಳಿಗಾಲ ಶುರುವಾಗುವ ಮೊದಲೇ ಬರೋದಕ್ಕೆ ಪ್ರಯತ್ನ ಮಾಡು ಅನ್ನುತ್ತಾನೆ. ಈ ವಚನವನ್ನು ಯಾರ ಸಮಾಧಿ ಮೇಲೂ ನಾನು ನೋಡಿಲ್ಲ. ನೀವೂ ನೋಡಿರಲ್ಲ.

ಓಟ ಮುಗಿಸಿದೆ ಅಂತ ಬರೆದ ಕೈಯೇ ಚಳಿ ಆಗ್ತಿದೆ ಅಂತಲೂ ಬರೆಯಿತು. ಇವತ್ತು ಈ ಕೂಟದಲ್ಲಿ ನಾನು ಮಾತಾಡಬೇಕು ಅಂದುಕೊಂಡಿರುವುದು ಈ ಎರಡನೇ ಮಾತಿನ ಬಗ್ಗೆ. ವರ್ಷಗಟ್ಟಲೆ ನಂಬಿಕೆಯಲ್ಲಿ ಉಳಿಯೋದು ಅಂದ್ರೆ ಗಟ್ಟಿ ಮನಸ್ಸಿನವರ ಕೆಲಸ ಅಂತ ನಮಗೊಂದು ಭಾವನೆ ಇದೆ. ಒಬ್ಬಂಟಿಯಾಗಿ, ಹಲ್ಲು ಕಚ್ಚಿಕೊಂಡು, ಕಡೇವರೆಗೂ. ಈ ಅಧ್ಯಾಯ ಹಾಗೆ ಹೇಳೋದಿಲ್ಲ. ಒಂಬತ್ತನೇ ವಚನದಿಂದ ಕೊನೆವರೆಗೆ ಇರೋದೆಲ್ಲ ಜನರ ಹೆಸರು. ಯಾರು ಬಿಟ್ಟುಹೋದರು, ಯಾರು ಜೊತೆಗಿದ್ದಾರೆ, ಯಾರನ್ನು ಕರೆತರಬೇಕು, ಯಾರಿಗೆ ಹುಷಾರಿಲ್ಲ. ಸಾಯೋ ಹೊತ್ತಿನಲ್ಲೂ ಪೌಲ ಜನರನ್ನೇ ಎಣಿಸುತ್ತಿದ್ದಾನೆ.

ಇದು ರೋಮಿನ ಸೆರೆಮನೆಯಿಂದ, ಸಾವು ಹತ್ತಿರ ಬಂದಾಗ ಬರೆದದ್ದು ಅಂತ ಸಭೆಯ ಪರಂಪರೆ ಹೇಳುತ್ತದೆ. ಈ ಪತ್ರಿಕೆಯನ್ನು ಬರೆದದ್ದು ಪೌಲನೇ ಅಲ್ಲ ಅನ್ನುವ ವಿದ್ವಾಂಸರೂ ಇದ್ದಾರೆ, ಅದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತದೆ. ಆ ಚರ್ಚೆ ಇನ್ನೊಂದು ದಿನ ಇಟ್ಟುಕೊಳ್ಳೋಣ. ನನಗಂತೂ ಮೇಲಂಗಿ ವಿಷಯವನ್ನು ಯಾರೋ ಕೂತು ಕಲ್ಪಿಸಿ ಬರೆದರು ಅಂತ ನಂಬೋದು ಕಷ್ಟ.

ಇನ್ನೊಂದು ಚರ್ಚೆಯನ್ನೂ ಬಾಗಿಲ ಹೊರಗೇ ಬಿಡೋಣ. ಒಮ್ಮೆ ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಸಿಕ್ಕಿದವನು ಅದನ್ನು ಕಳೆದುಕೊಳ್ಳಬಹುದಾ ಇಲ್ಲವಾ ಅನ್ನೋದು. ಹಾಲೆಂಡಿನ ಡಾರ್ಟ್ ಊರಿನಲ್ಲಿ 1618–19ರಲ್ಲಿ ಇದೇ ವಿಷಯಕ್ಕೆ ತಿಂಗಳುಗಟ್ಟಲೆ ಸಭೆ ಕೂತು, ದೇವರು ಆರಿಸಿದವರು ಕಡೇವರೆಗೂ ಉಳಿದೇ ಉಳಿಯುತ್ತಾರೆ ಅಂತ ತೀರ್ಮಾನ ಮಾಡಿತು. ಮುಂದಿನ ಶತಮಾನದಲ್ಲಿ ಬಂದ, ಮೆಥೊಡಿಸ್ಟ್ ಸಭೆಗೆ ಬುನಾದಿ ಹಾಕಿದ ಜಾನ್ ವೆಸ್ಲಿ ಅದನ್ನು ಒಪ್ಪಲಿಲ್ಲ. ಇಲ್ಲಿ ಮೆಥೊಡಿಸ್ಟ್‌ನವರೂ ಇದ್ದೀರಿ, ಸಿಎಸ್ಐನವರೂ ಇದ್ದೀರಿ, ಕಥೋಲಿಕರೂ ಕಾಣ್ತಿದ್ದೀರಿ. ಊಟಕ್ಕೆ ಮುಂಚೆ ಈ ಜಗಳ ಮುಗಿಯೋದಿಲ್ಲ. ಒಂದಂತೂ ನಿಜ. ಡಾರ್ಟ್‌ನವರಾಗಲಿ ವೆಸ್ಲಿ ಆಗಲಿ, ಬೆಳಗ್ಗೆ ಎದ್ದು ಪ್ರಾರ್ಥನೆ ಮಾಡೋದು ಬೇಡ ಅಂತ ಹೇಳಲಿಲ್ಲ.

ಮೊದಲು ದೇಮನನ್ನು ನೋಡೋಣ. ಹೊಸ ಒಡಂಬಡಿಕೆಯಲ್ಲಿ ಅವನ ಹೆಸರು ಮೂರು ಸಲ ಮಾತ್ರ ಬರುತ್ತದೆ. ಫಿಲೆಮೋನನಿಗೆ ಬರೆದ ಪತ್ರದಲ್ಲಿ ಅವನು ಜೊತೆಕೆಲಸದವರಲ್ಲಿ ಒಬ್ಬ. ಮಾರ್ಕ, ಲೂಕರ ಸಾಲಿನಲ್ಲೇ ಇದ್ದಾನೆ. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಲೂಕನಿಗೆ ಪ್ರಿಯ ವೈದ್ಯ ಅನ್ನುವ ಮಾತಿದೆ, ದೇಮನಿಗೆ ಬರೀ ಹೆಸರು. ಇಲ್ಲಿ, ಮೂರನೇ ಸಲ, ದೇಮನು ಇಹಲೋಕವನ್ನು ಪ್ರೀತಿಸಿ ನನ್ನನ್ನು ಬಿಟ್ಟು ಥೆಸಲೊನೀಕಕ್ಕೆ ಹೋದ ಅಂತಿದೆ. ಅಷ್ಟೇ. ಒಂದು ಜಗಳ ಇಲ್ಲ, ಒಂದು ಭಾಷಣ ಇಲ್ಲ. ಕ್ರಿಸ್ತನನ್ನೇ ಬಿಟ್ಟ ಅಂತಲೂ ಪೌಲ ಹೇಳಿಲ್ಲ, ಅದನ್ನು ಗಮನಿಸಿ. ನನ್ನನ್ನು ಬಿಟ್ಟ ಅಂದ. ಉಳಿದದ್ದನ್ನು ನಾವೇ ಸೇರಿಸಿಕೊಂಡು ಬೋಧಿಸುತ್ತೇವೆ.

ನಂಬಿಕೆ ಬಿಟ್ಟುಹೋಗೋದು ಹೆಚ್ಚಾಗಿ ಹೀಗೇ, ಸದ್ದಿಲ್ಲದೆ. ಸೋಮವಾರ ಬೆಳಗ್ಗೆ ಎದ್ದು, ಇವತ್ತಿಂದ ನಾನು ದೇವರನ್ನು ನಂಬಲ್ಲ ಅಂತ ಯಾರೂ ತೀರ್ಮಾನ ಮಾಡೋದಿಲ್ಲ. ಬೆಂಗಳೂರಿಗೆ ಕೆಲಸಕ್ಕೆ ಬಂದ ಹುಡುಗನನ್ನು ನೆನೆಸಿಕೊಳ್ಳಿ. ಊರಿನಲ್ಲಿ ಸಂಡೇಸ್ಕೂಲಿನಲ್ಲಿ ಬಹುಮಾನ ತಗೊಂಡವನು. ಇಲ್ಲಿ ಕನ್ನಡ ಆರಾಧನೆ ಇರುವ ಚರ್ಚಿಗೆ ಹೋಗಬೇಕಾದರೆ ಎರಡು ಬಸ್ ಬದಲಾಯಿಸಬೇಕು. ಮೊದಲ ತಿಂಗಳು ಹೋಗುತ್ತಾನೆ. ಆಮೇಲೆ ಭಾನುವಾರದ ಶಿಫ್ಟ್. ಆಮೇಲೆ ಮೊಬೈಲಿನಲ್ಲೇ ಆರಾಧನೆ, ತರಕಾರಿ ಹೆಚ್ಚುತ್ತಾ. ಆಮೇಲೆ ಹಬ್ಬಕ್ಕೆ ಮಾತ್ರ. ಯಾರೂ ಫೋನ್ ಮಾಡಿ ಎಲ್ಲಿದ್ದೀಯಪ್ಪಾ ಅಂತ ಕೇಳಲಿಲ್ಲ. ಮೂರು ವರ್ಷ ಆದಮೇಲೆ ಯಾರೋ ಕೇಳಿದಾಗ, ನಾನೇನು ಬಿಟ್ಟಿಲ್ಲ, ಸುಮ್ನೆ ಹೋಗಿಲ್ಲ ಅಷ್ಟೇ ಅನ್ನುತ್ತಾನೆ. ಅವನು ಸುಳ್ಳು ಹೇಳ್ತಿಲ್ಲ.

ಇನ್ನು ಕೆಲವರು ದೂರ ಆಗೋದಕ್ಕೆ ನಾವೇ ಕಾರಣ. ಸಭೆಯ ಎಲೆಕ್ಷನ್ನು, ಆಸ್ತಿ ಕೇಸು, ಸ್ಮಶಾನದ ಜಾಗದ ವಿಷಯಕ್ಕೂ ಎರಡು ಪಕ್ಷ. ಮನೆಯಲ್ಲಿ ಊಟಕ್ಕೆ ಕೂತಾಗ ದೊಡ್ಡವರು ಬರೀ ಇದನ್ನೇ ಮಾತಾಡೋದನ್ನು ಕೇಳಿ ಬೆಳೆದ ಮಕ್ಕಳಿಗೆ ನಂಬಿಕೆ ಅಂದರೆ ಇದೇ ಏನೋ ಅನ್ನಿಸಿಬಿಡುತ್ತದೆ. ಇಹಲೋಕವನ್ನು ಪ್ರೀತಿಸಿದರು ಅಂತ ಅವರ ಮೇಲೆ ಹೊರಿಸುವ ಮುಂಚೆ ನಮ್ಮ ಕಮಿಟಿ ಮೀಟಿಂಗಿನ ಮಿನಿಟ್ಸ್ ಒಂದ್ಸಲ ಓದಿದರೆ ಒಳ್ಳೇದು.

ಹಿಂಸೆ ಬಂದಾಗ ಏನು ಮಾಡಬೇಕು ಅಂತ ನಮಗೆ ಬೇಕಾದಷ್ಟು ಪ್ರಸಂಗ ಕೇಳಿ ಗೊತ್ತಿದೆ. ಬೇಜಾರು ಬಂದಾಗ ಏನು ಮಾಡಬೇಕು? ಅದನ್ನು ಯಾರೂ ಹೇಳಿಕೊಡೋದಿಲ್ಲ. ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿಗಳು ಇದನ್ನು ಚೆನ್ನಾಗಿ ಬಲ್ಲವರು. ಅವರಲ್ಲಿ ಎವಾಗ್ರಿಯಸ್ ಅಂತ ಒಬ್ಬ ಇದ್ದ, 399ರಲ್ಲಿ ತೀರಿಕೊಂಡ. ಮಧ್ಯಾಹ್ನದ ಹೊತ್ತಿಗೆ ಸನ್ಯಾಸಿಯನ್ನು ಹಿಡಿಯುವ ಒಂದು ದೆವ್ವದ ಬಗ್ಗೆ ಅವನು ಬರೆದಿದ್ದಾನೆ. ಆ ದೆವ್ವ ಹಿಡಿದವನಿಗೆ ಸೂರ್ಯ ಅಲ್ಲಾಡುತ್ತಲೇ ಇಲ್ಲ ಅನ್ನಿಸುತ್ತದೆ. ದಿನಕ್ಕೆ ಐವತ್ತು ಗಂಟೆ ಇದೆಯೇನೋ ಅನ್ನಿಸುತ್ತದೆ. ಗುಡಿಸಲಿನಿಂದ ಹೊರಗೆ ಬಂದು ಬಿಸಿಲು ನೋಡುತ್ತಾನೆ, ಊಟದ ಹೊತ್ತಿಗೆ ಇನ್ನೆಷ್ಟು ಬಾಕಿ ಅಂತ. ಆ ಕಡೆ ಈ ಕಡೆ ಕಣ್ಣಾಡಿಸುತ್ತಾನೆ, ಯಾರಾದರೂ ಮಾತಿಗೆ ಸಿಗ್ತಾರಾ ಅಂತ. ಆಮೇಲೆ ಯೋಚನೆ ಶುರು. ಇಲ್ಲಿ ಯಾರಿಗೂ ಪ್ರೀತಿ ಅನ್ನೋದೇ ಇಲ್ಲ. ಈ ಜಾಗವೇ ಸರಿಯಿಲ್ಲ. ಬೇರೆ ಕಡೆ ಹೋದರೆ ದೇವರನ್ನು ಇನ್ನೂ ಚೆನ್ನಾಗಿ ಮೆಚ್ಚಿಸಬಹುದು.

ನಗು ಬರುತ್ತೆ ಅಲ್ವಾ? ಸಾವಿರದ ಆರುನೂರು ವರ್ಷದ ಹಿಂದಿನ ಮಾತು. ಬಿಸಿಲು ನೋಡುವ ಬದಲು ನಾವು ಫೋನ್ ನೋಡುತ್ತೇವೆ. ಈ ಸಭೆಯಲ್ಲಿ ಪ್ರೀತಿ ಇಲ್ಲ, ಬೇರೆ ಸಭೆಗೆ ಹೋಗೋಣ ಅನ್ನೋದಂತೂ ಅಕ್ಷರಶಃ ಹಾಗೇ ಉಳಿದಿದೆ. ಒಬ್ಬರನ್ನು ಬಲ್ಲೆ, ನಾಲ್ಕು ಸಭೆ ಬದಲಾಯಿಸಿದ್ದಾರೆ. ಪ್ರತಿ ಸಲವೂ ಮೊದಲ ಆರು ತಿಂಗಳು ಅಲ್ಲಿ ಪವಿತ್ರಾತ್ಮನ ಕೆಲಸ ಜೋರಾಗಿರುತ್ತದೆ, ಆಮೇಲೆ ನಿಂತುಹೋಗುತ್ತದೆ. ಬದಲಾಯಿಸಲೇಬೇಕಾದ ಸಂದರ್ಭಗಳಿವೆ, ಇಲ್ಲ ಅನ್ನಲ್ಲ. ಸಭೆಯಲ್ಲಿ ನಿಮಗೆ ಅನ್ಯಾಯ ಆಗಿದ್ದರೆ, ಮಕ್ಕಳಿಗೆ ಅಪಾಯ ಇದ್ದರೆ, ತಾಳ್ಮೆಯ ಹೆಸರಿನಲ್ಲಿ ಅಲ್ಲೇ ಕೂರಬೇಡಿ. ಎದ್ದು ಬನ್ನಿ. ನಾನು ಹೇಳ್ತಿರೋದು ಬರೀ ಬೇಜಾರಿನ ವಿಷಯ. ಎವಾಗ್ರಿಯಸ್ ಅದಕ್ಕೆ ಕೊಡುವ ಮದ್ದು ತುಂಬಾ ಸಾಮಾನ್ಯವಾದದ್ದು. ಗುಡಿಸಲು ಬಿಟ್ಟು ಓಡಬೇಡ. ಕೈಯಲ್ಲಿರೋ ಕೆಲಸ ಮುಗಿಸು. ಅಳು ಬಂದರೆ ಅಳು.

ಮದರ್ ತೆರೇಸಾ ಅವರ ವಿಷಯ ನಿಮಗೆ ಗೊತ್ತಿರಬಹುದು. ಅವರು ಆಪ್ತ ಗುರುಗಳಿಗೆ ಬರೆದ ಪತ್ರಗಳು 2007ರಲ್ಲಿ ಹೊರಬಂದವು, ಅವರು ತೀರಿಕೊಂಡು ಹತ್ತು ವರ್ಷ ಆದಮೇಲೆ. ಕಲ್ಕತ್ತದ ಕೆಲಸ ಶುರುವಾದ ಹೊತ್ತಿನಿಂದ ಹೆಚ್ಚುಕಡಿಮೆ ಕೊನೆವರೆಗೂ ದೇವರು ಹತ್ತಿರ ಇದ್ದಾನೆ ಅನ್ನುವ ಅನುಭವವೇ ತಮಗೆ ಆಗುತ್ತಿಲ್ಲ ಅಂತ ಅವರು ಅದರಲ್ಲಿ ತೋಡಿಕೊಂಡಿದ್ದರು. ಒಂದೆರಡು ವರ್ಷದ ಮಾತಲ್ಲ, ಐವತ್ತು ವರ್ಷದ ಹತ್ತಿರ. ಆಗ ಪೇಪರಿನಲ್ಲಿ ದೊಡ್ಡ ಚರ್ಚೆಯಾಯಿತು. ಹಾಗಾದರೆ ಅವರಿಗೆ ನಂಬಿಕೆಯೇ ಇರಲಿಲ್ಲ ಅಂತ ಕೆಲವರು ಅಂದರು. ನನಗೆ ಅದರಲ್ಲಿ ಬೇರೇನೋ ಕಂಡಿತು. ಇಷ್ಟೂ ವರ್ಷ ಅವರು ಬೆಳಗಿನ ಪ್ರಾರ್ಥನೆ ಬಿಡಲಿಲ್ಲ, ಪೂಜೆ ಬಿಡಲಿಲ್ಲ, ಬೀದಿಯಲ್ಲಿ ಬಿದ್ದವರನ್ನು ಎತ್ತೋದು ಬಿಡಲಿಲ್ಲ. ಇನ್ನೊಂದು ಮಾಡಿದರು, ಅದನ್ನು ನಾವು ಮರೀತೀವಿ. ಅದನ್ನು ಬಾಯಿಬಿಟ್ಟು ಹೇಳಿಕೊಂಡರು. ಒಬ್ಬಿಬ್ಬರ ಹತ್ತಿರವೇ ಇರಬಹುದು, ಆದರೂ ಹೇಳಿಕೊಂಡರು.

ನಮ್ಮ ಕೂಟಗಳಲ್ಲಿ ಇದನ್ನು ಹೇಳಿಕೊಳ್ಳೋಕೆ ಜಾಗವೇ ಇಲ್ಲ. ಸಾಕ್ಷಿ ಹೇಳೋದು ಅಂದರೆ ಏನು? ಮೊದಲು ಹೀಗಿದ್ದೆ, ಇಂಥ ದಿನ ಕರ್ತನು ಮುಟ್ಟಿದ, ಈಗ ಹೀಗಿದ್ದೇನೆ, ಹಲ್ಲೆಲೂಯ. ಮುಟ್ಟಿದ ದಿನ ಆಗಿ ಹದಿನೆಂಟು ವರ್ಷ ಆಗಿರುತ್ತದೆ. ಆ ಹದಿನೆಂಟು ವರ್ಷದ ಬಗ್ಗೆ ಒಂದು ಮಾತಿಲ್ಲ.

ಇತಿಹಾಸವನ್ನೂ ನಾವು ಹೀಗೇ ಹೇಳುತ್ತೇವೆ. ಮಂಗಳೂರಿನ ಆನಂದರಾವ್ ಕೌಂಡಿನ್ಯರ ಹೆಸರು ಇಲ್ಲಿ ಎಷ್ಟು ಜನ ಕೇಳಿದ್ದೀರಿ? ಮೂರು ಕೈ ಎದ್ದಿವೆ. ಸಾರಸ್ವತ ಬ್ರಾಹ್ಮಣ ಮನೆತನದ ಹುಡುಗ, ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ ಅವರ ಶಿಷ್ಯ. ಅದೇ ಮೋಗ್ಲಿಂಗ್, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ತಂದವರು. ಕೌಂಡಿನ್ಯರಿಗೆ 1844ರಲ್ಲಿ ದೀಕ್ಷಾಸ್ನಾನ ಆಯಿತು, ಊರೇ ಗಲಾಟೆ ಎದ್ದಿತು. ಅವರ ಬಗ್ಗೆ ಯಾರಾದರೂ ಮಾತಾಡಿದರೆ ಆ ದಿನದ ಬಗ್ಗೆಯೇ. ಆದರೆ ಅವರು ತೀರಿಕೊಂಡದ್ದು 1893ರಲ್ಲಿ. ನಡುವಿನ 49 ವರ್ಷ ಏನು ಮಾಡಿದರು? ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿ ಓದಿದರು, 1851ರಲ್ಲಿ ಪಾದ್ರಿಯಾಗಿ ವಾಪಸ್ ಬಂದರು. ಮಂಗಳೂರಿನ ಬಲ್ಮಠದಲ್ಲಿ ಹುಡುಗರಿಗೆ ಪಾಠ ಮಾಡಿದರು. ಕೊಡಗಿನಲ್ಲಿ ಕೆಲಸ ಮಾಡಿದರು. ಮೋಗ್ಲಿಂಗ್ 1860ರಲ್ಲಿ ಜರ್ಮನಿಗೆ ಮರಳಿಬಿಟ್ಟರು. ಗುರು ಊರಿಗೆ ಹೋದರು, ಶಿಷ್ಯ ಇಲ್ಲೇ ಉಳಿದರು. ಹುಟ್ಟಿದ ಮನೆಯ ಬಾಗಿಲು ಮುಚ್ಚಿದ ಊರಿನಲ್ಲೇ ವರ್ಷ ವರ್ಷವೂ ಪಾಠ ಮಾಡೋದು ಹೇಗಿತ್ತು? ದೀಕ್ಷಾಸ್ನಾನದ ದಿನದ ಧೈರ್ಯ ದೊಡ್ಡದೇ. ನನಗೆ 1870ರ ಯಾವುದೋ ಒಂದು ಸಾಮಾನ್ಯ ಮಂಗಳವಾರದ ಕೌಂಡಿನ್ಯರನ್ನು ನೋಡುವ ಆಸೆ ಜಾಸ್ತಿ.

ಕಿಟೆಲ್ ಅವರ ವಿಷಯವೂ ಹಾಗೇ. ಬೆಂಗಳೂರಿನ ಎಂ.ಜಿ. ರಸ್ತೆಯ ಪ್ರತಿಮೆ ಎಲ್ಲರೂ ನೋಡಿದ್ದೀರಿ. ಬಂದದ್ದು 1853ರಲ್ಲಿ, ನಿಘಂಟು ಅಚ್ಚಾದದ್ದು 1894ರಲ್ಲಿ. ನಡುವೆ ನಾಲ್ಕು ದಶಕ. ಒಂದೊಂದು ಪದಕ್ಕೂ ಒಂದೊಂದು ಚೀಟಿ ಅಂತ ಇಟ್ಟುಕೊಂಡರೂ ಲೆಕ್ಕ ಹಾಕಿ, ಸುಮಾರು 70 ಸಾವಿರ ಪದ. ಪ್ರತಿಮೆಯನ್ನು ನೋಡಿದರೆ ಆ ಬೇಜಾರು ಕಾಣೋದಿಲ್ಲ.

ಈಗ ಇಪ್ಪತ್ತನೇ ವಚನಕ್ಕೆ ಬನ್ನಿ. ತ್ರೊಫಿಮನು ಅಸ್ವಸ್ಥನಾಗಿದ್ದ, ಅವನನ್ನು ಮಿಲೇತದಲ್ಲಿ ಬಿಟ್ಟು ಬಂದೆ ಅಂತಾನೆ ಪೌಲ. ಇದನ್ನು ಓದುವಾಗ ನಾವು ಬೇಗ ಬೇಗ ದಾಟಿಬಿಡುತ್ತೇವೆ. ಯಾರ ಕರವಸ್ತ್ರ ಮುಟ್ಟಿಸಿದರೂ ರೋಗ ವಾಸಿಯಾಗ್ತಿತ್ತು ಅಂತ ಅಪೊಸ್ತಲರ ಕೃತ್ಯಗಳಲ್ಲಿ ಬರೆದಿದೆಯೋ, ಅದೇ ಮನುಷ್ಯ ಇವನು. ಜೊತೆಗಾರ ವಾಸಿಯಾಗಲಿಲ್ಲ. ಕಾರಣ ಕೊಟ್ಟಿಲ್ಲ. ತ್ರೊಫಿಮನಿಗೆ ನಂಬಿಕೆ ಕಡಿಮೆ ಇತ್ತು ಅಂತ ಹೇಳಿಲ್ಲ. ಬಿಟ್ಟು ಬಂದೆ ಅಂತ ಹೇಳಿ ಮುಂದಿನ ಮಾತಿಗೆ ಹೋಗಿದ್ದಾನೆ.

ನಂಬಿಕೆಯಲ್ಲಿ ಬಹಳ ವರ್ಷ ಇದ್ದವರೆಲ್ಲರಿಗೂ ಒಬ್ಬ ತ್ರೊಫಿಮ ಇರುತ್ತಾನೆ. ಉಪವಾಸ ಮಾಡಿ, ರಾತ್ರಿಯೆಲ್ಲ ಪ್ರಾರ್ಥನೆ ಮಾಡಿ, ಎಣ್ಣೆ ಹಚ್ಚಿ, ಆದರೂ ವಾಸಿಯಾಗದ ಯಾರೋ ಒಬ್ಬರು. ಇಂಥ ಹೊತ್ತಿನಲ್ಲಿ ಬಂದವರು ಏನು ಹೇಳ್ತಾರೆ ಅಂತ ನಿಮಗೆ ಗೊತ್ತು. ಎಲ್ಲವೂ ಒಳ್ಳೇದಕ್ಕೇ. ದೇವರಿಗೆ ಅವರು ಬೇಕಾಗಿತ್ತು. ದಯವಿಟ್ಟು ಇದನ್ನು ಹೇಳಬೇಡಿ. ಹದಿಮೂರನೇ ಕೀರ್ತನೆ ಎಷ್ಟು ಕಾಲ, ಎಷ್ಟು ಕಾಲ ಅಂತ ನಾಲ್ಕು ಸಲ ಕೇಳುತ್ತದೆ. ಎಂಬತ್ತೆಂಟನೇ ಕೀರ್ತನೆಯ ಕೊನೆಯಲ್ಲಿ ಸಮಾಧಾನದ ಮಾತೇ ಇಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಅವೂ ಬೈಬಲ್ಲಿನಲ್ಲೇ ಇವೆ. ದೇವರ ಎದುರು ಜಗಳ ಆಡುವವನು ಇನ್ನೂ ದೇವರ ಎದುರೇ ಇದ್ದಾನೆ ಅಂತ ಅರ್ಥ.

ನಮ್ಮ ಸಭೆಯಲ್ಲಿ ಒಬ್ಬ ಅಜ್ಜಿ ಇದ್ದರು. ಎಡಗಡೆ ಸಾಲಿನಲ್ಲಿ ಕಿಟಕಿ ಪಕ್ಕದ ಬೆಂಚು ಅವರದ್ದು. ಗಾಯನ ಪುಸ್ತಕದ ಬೆನ್ನು ಕಿತ್ತುಹೋಗಿ, ದಪ್ಪ ಬಿಳಿ ದಾರದಲ್ಲಿ ಹೊಲಿದಿದ್ದರು. ರಟ್ಟಿನ ಮೇಲೆ ಯಾವುದೋ ಹಳೇ ಕ್ಯಾಲೆಂಡರಿನ ಹಾಳೆ. ಹಾಡೋದರಲ್ಲಿ ಜೋರು, ಪಿಟೀಲು ಬಾರಿಸೋರು ಒಂದು ಕಡೆ ಹೋದರೆ ಅಜ್ಜಿ ಇನ್ನೊಂದು ಕಡೆ. ಅವರ ಮಗ ಅಪಘಾತದಲ್ಲಿ ತೀರಿಕೊಂಡ. ಅದಾದಮೇಲೆ ಅಜ್ಜಿ ಹಾಡೋದು ನಿಲ್ಲಿಸಿದರು. ಚರ್ಚಿಗೆ ಬರೋದು ನಿಲ್ಲಿಸಲಿಲ್ಲ. ಬರುವರು, ಕೂರುವರು, ನಂಬರ್ ಹೇಳಿದಾಗ ಪುಸ್ತಕ ತೆಗೆದು ಸರಿಯಾದ ಪುಟ ಬಿಚ್ಚಿ ಇಟ್ಟುಕೊಳ್ಳುವರು. ಬಾಯಿ ಮಾತ್ರ ಮುಚ್ಚಿಯೇ ಇರುತ್ತಿತ್ತು. ವಿಶ್ವಾಸ ಪ್ರಮಾಣ ಹೇಳುವಾಗಲೂ ಅಷ್ಟೇ. ಒಂದು ವರ್ಷಕ್ಕೂ ಹೆಚ್ಚು ಹೀಗೇ ನಡೆಯಿತು. ಯಾಕಜ್ಜಿ ಹಾಡಲ್ಲ ಅಂತ ಒಬ್ಬ ಹುಡುಗಿ ಕೇಳಿದಾಗ ಅಜ್ಜಿ ಅಂದದ್ದು, ನೀವು ಹಾಡ್ತಿದ್ದೀರಲ್ಲಮ್ಮ, ಸದ್ಯಕ್ಕೆ ಅಷ್ಟು ಸಾಕು.

ನಾನು ಹೇಳಬೇಕಾದ್ದು ಇಡೀ ಈ ಒಂದು ಮಾತಿನಲ್ಲಿದೆ ಅಂದರೂ ನಡೆಯುತ್ತೆ. ನಮ್ಮ ಮನೆಗಳಲ್ಲಿ ಹಾಲಿಗೆ ಹಾಕೋಕೆ ಹೆಪ್ಪು ಇಲ್ಲದಿದ್ದರೆ ಏನು ಮಾಡ್ತೀವಿ? ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗ್ತೀವಿ. ಅದಕ್ಕೆ ನಾಚಿಕೆ ಏನಿಲ್ಲ, ಹೋದ ತಿಂಗಳು ಅವರು ನಮ್ಮ ಮನೆಗೆ ಬಂದಿರ್ತಾರೆ. ನಂಬಿಕೆ ವಿಷಯದಲ್ಲಿ ಮಾತ್ರ ಯಾರ ಹತ್ತಿರವೂ ಕೇಳಬಾರದು, ಎಲ್ಲರ ಪಾತ್ರೆಯಲ್ಲೂ ಯಾವಾಗಲೂ ಇರಲೇಬೇಕು ಅಂತ ಯಾರು ಹೇಳಿದರು? ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ ಸಭೆಯಾಗಿ ಕೂಡುವುದನ್ನು ಬಿಡಬೇಡಿ ಅಂತ ಇದೆಯಲ್ಲ, ಅದನ್ನು ನಾವು ಹಾಜರಿ ಪುಸ್ತಕದ ನಿಯಮದ ಹಾಗೆ ಓದುತ್ತೇವೆ. ಅದರ ಪಕ್ಕದಲ್ಲೇ ಒಬ್ಬರನ್ನೊಬ್ಬರು ಹುರಿದುಂಬಿಸಿ ಅಂತಲೂ ಇದೆ. ನೀವು ಭಾನುವಾರ ಹೋಗೋದು ನಿಮಗೋಸ್ಕರ ಮಾತ್ರ ಅಲ್ಲ. ಆ ದಿನ ಬಾಯಿ ಬಿಡೋಕೆ ಆಗದವರು ಯಾರೋ ಪಕ್ಕದಲ್ಲಿ ಕೂತಿರ್ತಾರೆ.

ಒಂದು ಊರಿಗೆ ಊರೇ ಹೀಗೆ ಒಬ್ಬರನ್ನೊಬ್ಬರು ಉಳಿಸಿಕೊಂಡ ಕಥೆ ಶ್ರೀಲಂಕಾದಲ್ಲಿದೆ. ಡಚ್ಚರು 1658ರಲ್ಲಿ ಜಾಫ್ನಾ ಹಿಡಿದರು. ಕಥೋಲಿಕ ಗುರುಗಳನ್ನು ಓಡಿಸಿದರು, ಪೂಜೆ ನಿಷೇಧಿಸಿದರು. ಹತ್ತಿರ ಹತ್ತಿರ ಮೂವತ್ತು ವರ್ಷ ಅಲ್ಲಿನ ಜನಕ್ಕೆ ಗುರುಗಳೇ ಇರಲಿಲ್ಲ. ಗೋವಾದ ಕಥೋಲಿಕ ಗುರು ಜೋಸೆಫ್ ವಾಜ್ 1687ರಲ್ಲಿ ಗುಟ್ಟಾಗಿ ಅಲ್ಲಿಗೆ ಹೋದರು. ಅದಕ್ಕೆ ಮುಂಚೆ ಅವರು ನಮ್ಮ ಕರಾವಳಿಯಲ್ಲೇ ಕೆಲಸ ಮಾಡಿದ್ದವರು, ಮಂಗಳೂರಿನ ಹತ್ತಿರದ ಮುಡಿಪು ಬೆಟ್ಟಕ್ಕೆ ಇವತ್ತಿಗೂ ಅವರ ಹೆಸರಿನಲ್ಲಿ ಜನ ಹೋಗುತ್ತಾರೆ. ಜಾಫ್ನಾದಲ್ಲಿ ಯಾರು ಕಥೋಲಿಕರು ಅಂತ ಕೇಳುವ ಹಾಗಿಲ್ಲ. ಭಿಕ್ಷುಕನ ವೇಷದಲ್ಲಿ, ಕೊರಳಿಗೆ ಕಥೋಲಿಕರ ಜಪಸರ ಹಾಕಿಕೊಂಡು ಮನೆ ಮನೆ ಬಾಗಿಲಿಗೆ ಹೋದರು. ಯಾರ ಕಣ್ಣು ಆ ಜಪಸರದ ಮೇಲೆ ನಿಲ್ಲುತ್ತದೆ ಅಂತ ನೋಡಿದರು. ಕಣ್ಣು ನಿಂತವು.

ವಾಜ್ ಅವರನ್ನು 2015ರಲ್ಲಿ ಸಂತರೆಂದು ಸಾರಿದರು, ಸರಿಯಾದದ್ದೇ. ಆದರೆ ನನಗೆ ಬಾಗಿಲ ಒಳಗೆ ಇದ್ದವರ ನೆನಪು ಹೆಚ್ಚು ಕಾಡುತ್ತದೆ. ಗುರುಗಳು ಹೋದಾಗ ಹುಟ್ಟಿದ ಮಗುವಿಗೆ ವಾಜ್ ಬರುವ ಹೊತ್ತಿಗೆ ಮೂವತ್ತರ ಹತ್ತಿರ ವಯಸ್ಸು. ಆ ಮಗು ಒಂದು ಪೂಜೆಯನ್ನೂ ನೋಡಿರಲಿಲ್ಲ. ಆದರೂ ಜಪಸರ ಅಂದರೇನು ಅಂತ ಅದಕ್ಕೆ ಗೊತ್ತಿತ್ತು. ಯಾರೋ ಹೇಳಿಕೊಟ್ಟಿದ್ದರು, ಬಹುಶಃ ಅಡುಗೆಮನೆಯಲ್ಲಿ, ಬಹುಶಃ ಅಜ್ಜಿಯೇ. ಅವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ.

ಕೆಲಸ ಸೋತುಹೋದವರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಮೈಸೂರು ಸೀಮೆಯಲ್ಲಿ ಅಬ್ಬೆ ದುಬ್ವಾ ಅಂತ ಫ್ರೆಂಚ್ ಪಾದ್ರಿ ಇದ್ದರು. ಟಿಪ್ಪು ಸುಲ್ತಾನನ ಪತನದ ನಂತರ, ಅಂದರೆ 1799ರ ಮೇಲೆ, ಶ್ರೀರಂಗಪಟ್ಟಣದ ಸುತ್ತ ಚದುರಿಹೋಗಿದ್ದ ಕಥೋಲಿಕರನ್ನು ಒಟ್ಟುಗೂಡಿಸಿದವರು. ನಮ್ಮವರ ಹಾಗೆ ಬಟ್ಟೆ ಉಟ್ಟು, ನಮ್ಮವರ ಊಟ ಮಾಡಿ, ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದವರು. ಮೂವತ್ತು ವರ್ಷ ದುಡಿದ ಮೇಲೆ 1823ರಲ್ಲಿ ಫ್ರಾನ್ಸಿಗೆ ವಾಪಸ್ ಹೋದರು. ಈ ದೇಶದಲ್ಲಿ ಈ ಕೆಲಸಕ್ಕೆ ಫಲ ಸಿಗೋದಿಲ್ಲ ಅಂತ ಬರೆದು ಪುಸ್ತಕವನ್ನೇ ಪ್ರಕಟಿಸಿದರು. ಮಿಷನ್ ಕೆಲಸದವರಿಗೆ ಅದು ಹೇಗೆ ತಟ್ಟಿರಬೇಕು ನೋಡಿ! ಅವರು ಹೇಳಿದ್ದು ಸರಿಯೋ ತಪ್ಪೋ, ಅದು ಬೇರೆ. ಆಮೇಲೂ ಅವರು ಪಾದ್ರಿಯಾಗಿಯೇ ಉಳಿದರು. ಪ್ಯಾರಿಸ್ಸಿನ ಮಿಷನ್ ಸೆಮಿನರಿಯಲ್ಲಿ, ಪೂರ್ವ ದೇಶಗಳಿಗೆ ಹೊರಡುವ ಹುಡುಗರನ್ನು ತಯಾರು ಮಾಡುವ ಜಾಗದಲ್ಲೇ, ಕೆಲಸ ಮಾಡಿದರು. ಅದರ ಮುಖ್ಯಸ್ಥರೂ ಆದರು. ಕೆಲಸದ ಬಗ್ಗೆ ಆಸೆ ಹೋಗೋದು ಬೇರೆ, ನಂಬಿಕೆ ಹೋಗೋದು ಬೇರೆ. ನಮ್ಮಲ್ಲಿ ಸಂಡೇಸ್ಕೂಲ್ ನಡೆಸಿ ಸೋತವರು, ಯೌವನಸ್ಥರ ಕೂಟ ಶುರುಮಾಡಿ ಕೈಸುಟ್ಟುಕೊಂಡವರು ಎರಡನ್ನೂ ಒಂದೇ ಅಂದುಕೊಂಡು ಮನೆಯಲ್ಲಿ ಕೂತಿದ್ದಾರೆ.

ಮಾರ್ಕನ ವಿಷಯ ಹನ್ನೊಂದನೇ ವಚನದಲ್ಲಿದೆ. ಮಾರ್ಕನನ್ನು ಕರಕೊಂಡು ಬಾ, ಅವನು ನನಗೆ ಸೇವೆಗೆ ಬೇಕಾದವನು. ಇದೇ ಮಾರ್ಕ ಪೌಲನ ಮೊದಲ ಸುವಾರ್ತಾ ಪ್ರಯಾಣದಲ್ಲಿ ಪಂಫುಲ್ಯದ ಪೆರ್ಗ ಮುಟ್ಟುವಷ್ಟರಲ್ಲೇ ಎಲ್ಲರನ್ನೂ ಬಿಟ್ಟು ಯೆರೂಸಲೇಮಿಗೆ ವಾಪಸ್ ಹೋದವನು. ಮುಂದಿನ ಸಲ ಅವನನ್ನು ಕರೆದೊಯ್ಯೋಣ ಅಂತ ಪೌಲನ ಜೊತೆಗಾರ ಬಾರ್ನಬ ಅಂದಾಗ, ಬೇಡವೇ ಬೇಡ ಅಂದವನು ಪೌಲ. ಇಬ್ಬರೂ ಜಗಳ ಆಡಿ ಬೇರೆಬೇರೆ ದಾರಿ ಹಿಡಿದರು. ಬಾರ್ನಬ ಮಾರ್ಕನನ್ನು ಜೊತೆ ಮಾಡಿಕೊಂಡು ಸೈಪ್ರಸ್ ದ್ವೀಪಕ್ಕೆ ಹಡಗು ಹತ್ತಿದ.

ಪೌಲನದ್ದು ಸರಿಯಾ, ಬಾರ್ನಬನದ್ದು ಸರಿಯಾ? ಪ್ರಸಂಗಿಗಳು ಇಬ್ಬರನ್ನೂ ಉಳಿಸೋಕೆ ನೋಡ್ತಾರೆ. ನಾನು ಬಾರ್ನಬನ ಪಕ್ಷ. ಸೈಪ್ರಸ್ಸಿನಲ್ಲಿ ಏನಾಯಿತು ಅಂತ ಅಪೊಸ್ತಲರ ಕೃತ್ಯಗಳನ್ನು ಬರೆದ ಲೂಕ ಒಂದು ಸಾಲೂ ಬರೆದಿಲ್ಲ, ಕಥೆ ಪೌಲನ ಹಿಂದೆ ಹೋಗಿಬಿಡುತ್ತದೆ. ಆದರೆ ಅಲ್ಲಿ ಏನೋ ಆಗಿರಲೇಬೇಕು. ಇಲ್ಲದಿದ್ದರೆ ಸೆರೆಮನೆಯಲ್ಲಿ ಕೂತ ಮುದುಕ ಪೌಲ ಮಾರ್ಕ ಬೇಕು ಅನ್ನುತ್ತಿರಲಿಲ್ಲ. ನಮ್ಮ ಸಭೆಗಳಲ್ಲಿ ಪೌಲರಿಗೆ ಬರವಿಲ್ಲ, ಬೇಡ ಅನ್ನೋರು ಸಾಲುಸಾಲಾಗಿದ್ದಾರೆ. ಕುಡಿತ ಬಿಟ್ಟು ಮತ್ತೆ ಬಿದ್ದವನನ್ನು, ಡೈವೋರ್ಸ್ ಆದವಳನ್ನು, ನಾಲ್ಕು ವರ್ಷ ಕಾಣದೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತವನನ್ನು ಹಡಗಿಗೆ ಹತ್ತಿಸಿಕೊಳ್ಳೋರು ಬೇಕು.

ಇನ್ನು ಮೇಲಂಗಿ. ಚಳಿಗೆ ಪ್ರಾರ್ಥನೆ ಮಾಡ್ತೀನಿ ಅಂತ ಪೌಲ ಹೇಳಲಿಲ್ಲ, ಬಟ್ಟೆ ತಾ ಅಂದ. ಹಳೇ ಒಡಂಬಡಿಕೆಯ ಪ್ರವಾದಿ ಎಲೀಯನ ಕಥೆಯೂ ಹಾಗೇ. ಕರ್ಮೆಲ್ ಬೆಟ್ಟದಲ್ಲಿ ಆಕಾಶದಿಂದ ಬೆಂಕಿ ಇಳಿಸಿದವನು, ಸ್ವಲ್ಪ ದಿನದಲ್ಲೇ ಜಾಲೀಗಿಡದ ಕೆಳಗೆ ಬಿದ್ದು, ಸಾಕಪ್ಪಾ ದೇವರೇ, ಪ್ರಾಣ ತೆಗೆದುಕೋ ಅಂದ. ದೇವದೂತ ಬಂದು ಬುದ್ಧಿವಾದ ಹೇಳಲಿಲ್ಲ. ಏಳು, ಊಟ ಮಾಡು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದ, ಮತ್ತೆ ಮಲಗಿದ. ಎರಡನೇ ಸಲ ಎಬ್ಬಿಸಿ ಮತ್ತೆ ತಿನ್ನಿಸಿದ. ದೇವರ ಜೊತೆ ಮಾತುಕತೆ ಶುರುವಾದದ್ದು ಆಮೇಲೆ, ಹೋರೇಬ್ ಬೆಟ್ಟದಲ್ಲಿ. ನೈಟ್ ಶಿಫ್ಟ್ ಮಾಡಿ ಮೂರು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲದವರು ನನ್ನ ಆತ್ಮಿಕ ಜೀವನ ಬತ್ತಿಹೋಗಿದೆ ಅಂತ ಬಂದು ಹೇಳ್ತಾರೆ. ಮೊದಲು ಮಲಗಿ. ನಿದ್ದೆ ಬರದೆ, ಏನೂ ಬೇಡ ಅನ್ನಿಸುವುದು ವಾರಗಟ್ಟಲೆ ಹೋಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಲೂಕನೊಬ್ಬನೇ ನನ್ನ ಜೊತೆ ಇದ್ದಾನೆ ಅಂತ ಪೌಲ ಬರೆದಿದ್ದಾನಲ್ಲ, ಆ ಲೂಕ ವೈದ್ಯ.

ಮತ್ತೆ ಪುಸ್ತಕ, ಚರ್ಮದ ಕಾಗದ. ಸಾಯೋಕೆ ಕೆಲವೇ ತಿಂಗಳು ಇರುವಾಗ ಓದೋಕೆ ಏನಾದರೂ ತಾ ಅನ್ನುವ ಮನುಷ್ಯ ನನಗೆ ಬಹಳ ಇಷ್ಟ. ದಿನಕ್ಕೆ ಹತ್ತು ಅಧ್ಯಾಯ ಓದ್ತೀನಿ ಅಂತ ಹೊಸ ವರ್ಷದಲ್ಲಿ ಹೊರಟು ಫೆಬ್ರವರಿಯಲ್ಲಿ ಯಾಜಕಕಾಂಡದ ಕುಷ್ಠದ ಅಧ್ಯಾಯದಲ್ಲಿ ನಿಲ್ಲೋದಕ್ಕಿಂತ ದಿನಕ್ಕೊಂದು ಕೀರ್ತನೆ ಓದಿ. ಮನಸ್ಸಿದ್ದರೂ ಇಲ್ಲದಿದ್ದರೂ ಓದಿ. ನೂರೈವತ್ತು ಮುಗಿದ ಮೇಲೆ ಮತ್ತೆ ಮೊದಲಿಂದ. ಪ್ರಾರ್ಥನೆಗೆ ಸ್ವಂತ ಮಾತು ಬರದ ದಿನ ಪರಲೋಕದ ಪ್ರಾರ್ಥನೆ ಹೇಳಿ ಏಳಿ, ಅದನ್ನು ಕಳಪೆ ಅಂದುಕೊಳ್ಳಬೇಡಿ. ಅದನ್ನು ಕಲಿಸಿಕೊಟ್ಟವರು ಯೇಸುವೇ ಅನ್ನೋದು ನೆನಪಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ನನಗೆ ಈಗ ಏನೂ ಅನ್ನಿಸ್ತಿಲ್ಲ ಅಂತ ಹೇಳಿಕೊಳ್ಳಬಹುದಾದ ಒಬ್ಬರನ್ನು ಇಟ್ಟುಕೊಳ್ಳಿ. ಪಾದ್ರಿ ಅಯ್ಯನವರೇ ಆಗಬೇಕು ಅಂತಿಲ್ಲ.

ಮಾತು ಮುಗಿದ ಮೇಲೆ ಒಬ್ಬ ತಾಯಿ ಎದ್ದು ಕೇಳಿದರು. ಮಗ ಚರ್ಚಿಗೆ ಬರೋದು ಬಿಟ್ಟು ಬಹಳ ವರ್ಷ ಆಯಿತು, ದೇವರೇ ಇಲ್ಲ ಅಂತಾನೆ, ಏನು ಮಾಡಲಿ ಅಂತ. ಆಗ ನಾನು ಹೇಳಿದ್ದನ್ನೂ ಇಲ್ಲಿ ಸೇರಿಸುತ್ತೇನೆ.

ಅಮ್ಮ, ಅವನಿಗೆ ದಿನಾ ಬೆಳಗ್ಗೆ ವಾಟ್ಸಾಪಿನಲ್ಲಿ ವಚನ ಕಳಿಸ್ತಿದ್ದರೆ ನಿಲ್ಲಿಸಿ. ಅವನು ಅದನ್ನು ತೆರೆಯೋದಿಲ್ಲ, ಈಗ ನಿಮ್ಮ ಬೇರೆ ಮೆಸೇಜನ್ನೂ ತೆರೆಯದೆ ಇರಬಹುದು. ಫೋನ್ ಮಾಡಿ ಊಟಕ್ಕೆ ಕರೀರಿ. ಅವನಿಗೆ ಇಷ್ಟವಾದದ್ದು ಮಾಡಿ. ಊಟಕ್ಕೆ ಮುಂಚೆ ನೀವು ಯಾವಾಗಲೂ ಮಾಡುವ ಪ್ರಾರ್ಥನೆ ಮಾಡಿ, ಅವನಿಗೋಸ್ಕರ ಬಿಡಬೇಡಿ, ಅವನಿಗೋಸ್ಕರ ಉದ್ದವೂ ಮಾಡಬೇಡಿ. ಯಾಕೆ ಬಿಟ್ಟೆ ಅಂತ ಅವನಾಗೇ ಹೇಳಿದರೆ ಪೂರ್ತಿ ಕೇಳಿ, ನಡುವೆ ಉತ್ತರ ಕೊಡಬೇಡಿ. ಅವನು ಹೇಳಿದ್ದರಲ್ಲಿ ನಮ್ಮ ಸಭೆಯ ತಪ್ಪು ಇದ್ದರೆ ಹೌದು ಅ‌ನ್ನಿ. ಪೌಲ ಹದಿನಾರನೇ ವಚನದಲ್ಲಿ ಹೇಳ್ತಾನೆ, ಮೊದಲ ವಿಚಾರಣೆಯಲ್ಲಿ ಎಲ್ಲರೂ ನನ್ನನ್ನು ಕೈಬಿಟ್ಟರು, ಅದು ಅವರ ಲೆಕ್ಕಕ್ಕೆ ಸೇರದಿರಲಿ ಅಂತ. ಅಷ್ಟು ಮಾಡಿ. ಮತ್ತೆ ನೀವೊಬ್ಬರೇ ಇದನ್ನು ಹೊತ್ತುಕೊಂಡು ತಿರುಗಬೇಡಿ. ಆ ಹಿಂದಿನ ಸಾಲಿನಲ್ಲಿ ಕೂತಿದ್ದಾರಲ್ಲ, ನೀಲಿ ಸೀರೆಯವರು, ನೀವು ಕೇಳುವಾಗ ಅವರೂ ತಲೆ ಆಡಿಸುತ್ತಿದ್ದರು. ಅವರ ಮನೆಯಲ್ಲೂ ಇದೇ ಇರಬಹುದು. ಊಟದ ಹೊತ್ತಿಗೆ ಇಬ್ಬರೂ ಒಟ್ಟಿಗೆ ಕೂತ್ಕೊಳ್ಳಿ.